ಮೊದಲು ಎದ್ದವನಿಗೆ ಸೊನ್ನೆ

ಲಿಯಾವ್ ಷುನ್‌ಫಾನಿಗೆ ಎದೆಯುರಿ ಇದೆಯೆಂದು ಜೊಂಗ್‌ಹದ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಮಾತ್ರೆಯಿಂದ ಏನೂ ಆಗಲಿಲ್ಲ. ಆ ಉರಿಯ ಹೆಸರು ಷೀ ಬೋವೆನ್ ಎಂಬುದು ಡಾಕ್ಟರಿಗೆ ಗೊತ್ತಿರಲಿಲ್ಲ, ಅಷ್ಟೇ.

ಬೋವೆನ್ ಎಂದರೆ ಷುನ್‌ಫಾನ ಷಡ್ಡಕ. ಹೆಂಡತಿ ಸುಮೇಯಳ ತಂಗಿ ಸುಚಿನ್‌ಳ ಗಂಡ. ಶಿಂಚುವಿನ ದೊಡ್ಡದೊಂದು ಚಿಪ್ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಅಲ್ಲಿ ಕೆಲಸವೆಂದರೆ ಸಾಕು, ತೈವಾನಿನಲ್ಲಿ ಹೆಣ್ಣು ಹೆತ್ತವರು ತಾವೇ ಎದ್ದು ಕುರ್ಚಿ ಹಾಕುತ್ತಾರೆ. ಷುನ್‌ಫಾನ ಕಂಪನಿ ಇದ್ದದ್ದು ಜೊಂಗ್‌ಹದಲ್ಲಿ, ಕಿರುಗುಟ್ಟುವ ಲಿಫ್ಟಿನ ಒಂದು ಹಳೆಯ ಕಟ್ಟಡದಲ್ಲಿ. ಪಾರ್ಕಿಂಗ್ ಗೇಟು, ಟೋಕನ್ ಯಂತ್ರ, ಕೊಕ್ಕೆಯಿಂದ ಗೊಂಬೆ ಎತ್ತುವ ಯಂತ್ರ, ಇಂಥವುಗಳ ಹೊಟ್ಟೆಯೊಳಗೆ ಕೂರುವ ಪುಟ್ಟ ಕಂಪ್ಯೂಟರುಗಳನ್ನು ಅವರು ಮಾಡುತ್ತಿದ್ದರು. ಆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂಗೂ ಅದಕ್ಕೆ ತಗಲಿಹಾಕಿದ ಯಂತ್ರಭಾಗಗಳಿಗೂ ಮಾತುಕತೆ ಕುದುರಿಸುವುದು ಷುನ್‌ಫಾನ ಕಸುಬು. ಇದನ್ನು ಒಮ್ಮೆ ಅವನು ಅತ್ತೆಗೆ ಇಡೀ ಒಂದು ಮಧ್ಯಾಹ್ನ ಕೂತು ವಿವರಿಸಿದ್ದ. ಮರುದಿನ ಅತ್ತೆ ಬೀದಿಯವರಿಗೆ ಹೇಳಿದ್ದು ಇಷ್ಟು: "ನನ್ನ ದೊಡ್ಡ ಅಳಿಯ ಗೊಂಬೆ ಯಂತ್ರ ರಿಪೇರಿ ಮಾಡ್ತಾನೆ."

ಹೊಸ ವರ್ಷದ ಎರಡನೆಯ ದಿನ ಹೆಣ್ಣುಮಕ್ಕಳು ಗಂಡಂದಿರ ಸಮೇತ ತವರಿಗೆ ಬರುವುದು ರೂಢಿ. ಅಂದು ಅತ್ತೆ ಜಿಯೆನ್ ಅಮ್ಮನ ದುಂಡು ಮೇಜಿನ ಸುತ್ತ ಎಲ್ಲರೂ ಕೂತಿದ್ದರು. ಕೋಳಿಯ ಒಂದು ಕಾಲು ಬೋವೆನ್‌ನ ಬಟ್ಟಲಿಗೆ ಬಿತ್ತು. ಇನ್ನೊಂದು ಕಾಲು ತನಗೆ ಬಂದೇ ಬರುತ್ತದೆಂದು ಷುನ್‌ಫಾ ತನ್ನ ಬಟ್ಟಲನ್ನು ಕೊಂಚ ಮುಂದೆ ಸರಿಸಿ, ಬೇರೆಲ್ಲೋ ನೋಡುವವನಂತೆ ಕೂತ. ಅದೂ ಬೋವೆನ್‌ನ ಬಟ್ಟಲಿಗೇ ಬಿತ್ತು.

"ಪಾಪ, ರಾತ್ರಿ ಪಾಳಿ ಮಾಡೋ ಹುಡುಗ," ಎಂದಳು ಅತ್ತೆ. ಷುನ್‌ಫಾನಿಗೆ ಕುತ್ತಿಗೆಯ ತುಂಡು ಸಿಕ್ಕಿತು. ಅದರ ಮೇಲೆ ಶುಂಠಿ ಧಾರಾಳವಾಗಿತ್ತು.

ಊಟದ ನಡುವೆ ಜಿಯೆನ್ ಅಮ್ಮ ವಿಷಯಕ್ಕೆ ಬಂದಳು. ಕಾಲುವೆ ದಂಡೆಯ ಮಾಜು ದೇವಿಯ ಗುಡಿಗೆ ಆಕೆಯೇ ಸಮಿತಿಯ ಅಧ್ಯಕ್ಷೆ; ಕೌಂಟರಿನಲ್ಲಿ ಕೂರುವವಳೂ ಆಕೆಯೇ. ಗಂಡ ತೀರಿಕೊಂಡ ಮೇಲೆ ಗುಡಿಯೇ ಆಕೆಯ ಸಂಸಾರ. ಅಲ್ಲಿನ ದೀಪದ ಗೋಡೆಗಳು ಹಳತಾಗಿದ್ದವು. ಒಂದೊಂದು ಪುಟ್ಟ ದೀಪದ ಕೆಳಗೂ ಒಬ್ಬೊಬ್ಬ ಭಕ್ತರ ಹೆಸರು. ವರ್ಷವಿಡೀ ಅದು ಉರಿಯುತ್ತಿದ್ದರೆ ಆ ಮನುಷ್ಯ ಕ್ಷೇಮ ಎಂಬುದು ನಂಬಿಕೆ. ದೇವಿಯ ಎಡಗೈ ಬದಿಗೆ ಡ್ರ್ಯಾಗನ್ ಗೋಡೆ, ಬಲಗೈ ಬದಿಗೆ ಹುಲಿ ಗೋಡೆ.

"ಬೋವೆನ್, ನೀನು ಚಿಪ್ ಮಾಡೋನು. ದೇವಿ ಹುಟ್ಟಿದಹಬ್ಬದೊಳಗೆ ನಮ್ಗೆ ಹೊಸ ದೀಪದ ಗೋಡೆ ಮಾಡಿಕೊಡ್ತೀಯೇನಪ್ಪ?"

"ಅಯ್ಯೋ ಅತ್ತೆ, ನಂದು ಚಿಪ್ ಕೆತ್ತೋ ಸಿಲಿಕಾನ್ ಬಿಲ್ಲೆ ತೊಳೆಯೋ ವಿಭಾಗ. ದೀಪ ಗೀಪ ನಂಗೆ ಬರಲ್ಲ," ಎಂದ ಬೋವೆನ್. "ಭಾವನ್ನ ಕೇಳಿ. ಇದು ಅವರ ಕೆಲಸ."

ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಆದರೆ ಷುನ್‌ಫಾನಿಗೆ ಅದು ಎಲುಬು ಎಸೆದಂತೆ ಕೇಳಿಸಿತು.

"ಮಾಡ್ತೀನಿ! ಅದೇನ್ ಮಹಾ?" ಎಂದು ಚಾಪ್‌ಸ್ಟಿಕ್ ಕೆಳಗಿಟ್ಟ. "ಸುಮ್ನೆ ಉರಿಯೋ ದೀಪ ಅಲ್ಲ ಅತ್ತೆ. ಭಕ್ತರು ಬಂದು ಹೆಸರು ಹೇಳ್ತಾರೆ, ನೀವು ಕೌಂಟರಲ್ಲಿ ಟೈಪ್ ಮಾಡ್ತೀರಿ. ಟಣ್ ಅಂತ ಗಂಟೆ ಹೊಡೆದು ಅವರದೇ ದೀಪ ಮಿಣುಕ್ತದೆ. ದೇವಿಯೇ 'ಬಂದ್ಯಾ ಮಗಾ' ಅಂದ ಹಾಗೆ!"

ಜಿಯೆನ್ ಅಮ್ಮನ ಚಮಚ ಗಾಳಿಯಲ್ಲೇ ನಿಂತಿತು. ಅಳಿಯನ ಮಾತು ಕೇಳಿ ಆಕೆಯ ಕಣ್ಣು ಅಷ್ಟು ಅಗಲವಾದದ್ದು ಮದುವೆಯಾದಾಗಿನಿಂದ ಇದೇ ಮೊದಲು. ಆ ಅಮಲಿನಲ್ಲಿ ಷುನ್‌ಫಾ ಮುಂದುವರಿದ: "ಅಷ್ಟು ದೀಪಕ್ಕೆ ಒಂದು ಬಸ್ ಸಾಲಲ್ಲ. ಎರಡು ಬಸ್ ಹಾಕ್ತೀನಿ. ಎರಡಕ್ಕೂ ಬೇರೆ ಬೇರೆ ಕಂಟ್ರೋಲರ್."

"ಗುಡಿಗೆ ಬಸ್ಸು ಯಾಕೋ? ಮೆಟ್ರೋ ಇದ್ಯಲ್ಲ."

"ಆ ಬಸ್ಸಲ್ಲ ಅತ್ತೆ. ಕಂಪ್ಯೂಟರಿಂದ ದೀಪಕ್ಕೆ ಸುದ್ದಿ ಹೋಗೋ ದಾರಿಗೂ ನಾವು ಬಸ್ ಅಂತೀವಿ. ಕಂಟ್ರೋಲರ್ ಅಂದ್ರೆ ಆ ದಾರಿ ಕಾಯೋನು. ಡ್ರ್ಯಾಗನ್ ಗೋಡೆಗೆ ಒಬ್ಬ, ಹುಲಿ ಗೋಡೆಗೆ ಒಬ್ಬ."

ಬೋವೆನ್ ಸೀಗಡಿಯ ಸಿಪ್ಪೆ ಬಿಡಿಸುತ್ತ ಸಹಜವಾಗಿ ಕೇಳಿದ: "ಇಬ್ಬರಿದ್ರೆ, ಯಾರು ಯಾವ ಗೋಡೆಯೋನು ಅಂತ ಆಪರೇಟಿಂಗ್ ಸಿಸ್ಟಂಗೆ ಹೇಗೆ ಗೊತ್ತಾಗುತ್ತೆ ಭಾವ?"

"ಇದೊಂದು ಪ್ರಶ್ನೆನಾ? ಒಬ್ಬಂಗೆ ಸೊನ್ನೆ ನಂಬರು, ಇನ್ನೊಬ್ಬಂಗೆ ಒಂದು. ಸೊನ್ನೆ ಅಂದ್ರೆ ಡ್ರ್ಯಾಗನ್. ಒಂದು ಅಂದ್ರೆ ಹುಲಿ. ನೀನು ಬಿಲ್ಲೆ ತೊಳಿ ಮಾರಾಯ."

ಎಲ್ಲರೂ ನಕ್ಕರು. ಷುನ್‌ಫಾನ ಎದೆಯುರಿ ಆ ಸಂಜೆಯ ಮಟ್ಟಿಗೆ ಇಳಿಯಿತು.

ಕೆಲಸವನ್ನೇನೋ ಅವನು ಶ್ರದ್ಧೆಯಿಂದಲೇ ಮಾಡಿದ. ಆಫೀಸಿನ ಮೇಜಿನ ಮೇಲೆ ಎರಡೂ ಕಂಟ್ರೋಲರುಗಳಿಗೆ ನಾಲ್ಕಾರು ದೀಪ ಕಟ್ಟಿ ಎಷ್ಟು ಸಲ ಹಚ್ಚಿ ಆರಿಸಿದರೂ ಸೊನ್ನೆ ಡ್ರ್ಯಾಗನ್ನೇ, ಒಂದು ಹುಲಿಯೇ. ಗುಡಿಯಲ್ಲಿ ಗೋಡೆಗಳು ಎದ್ದವು. ಬೀದಿಯವರೆಲ್ಲರ ಹೆಸರುಗಳ ಜಾಗವನ್ನು ಜಿಯೆನ್ ಅಮ್ಮ ಖುದ್ದಾಗಿ ಗೊತ್ತುಮಾಡಿದಳು. ತನ್ನದು ಮತ್ತು ಹೆಣ್ಣುಮಕ್ಕಳದು ಡ್ರ್ಯಾಗನ್ ಗೋಡೆಯಲ್ಲಿ: ಮೊದಲು ಹಿರಿಯಳು ಸುಮೇಯ್, ಪಕ್ಕದಲ್ಲಿ ಕಿರಿಯಳು ಸುಚಿನ್. ಅಳಿಯಂದಿರು ಹೊರಗಿನವರಾದ್ದರಿಂದ ಹುಲಿ ಗೋಡೆಗೆ: ಮೊದಲು ಬೋವೆನ್, ಪಕ್ಕದಲ್ಲಿ ಷುನ್‌ಫಾ.

"ಹಿರಿ ಅಳಿಯ ನಾನಲ್ವಾ ಅತ್ತೆ?"

"ಗೋಡೆ ಮಾಡಿದೋನು ನೀನು. ಊಟ ಹಾಕೋ ಮನೆಯೋನು ಅತಿಥಿಗಿಂತ ಮೊದಲು ಕೂರ್ತಾನೇನೋ?"

ಷುನ್‌ಫಾ ಮಾತ್ರೆ ನುಂಗಿದ.

ದೇವಿಯ ಹುಟ್ಟುಹಬ್ಬಕ್ಕೆ ಮುಂಚಿನ ವಾರ ಉದ್ಘಾಟನೆಯಾಯಿತು. ಬೀದಿಗೆ ಬೀದಿಯೇ ಗುಡಿಯಲ್ಲಿತ್ತು. ಬೋವೆನ್ ರಜೆ ಹಾಕಿ ಬಂದಿದ್ದ. ಷುನ್‌ಫಾ ಅವನನ್ನು ಕೈಹಿಡಿದು ಎಳೆದು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದ. ಮೊದಲ ಗೌರವ ವಾರ್ಡಿನ ಮುಖಂಡ ಕೋ ಅವರಿಗೆ. ಅರವತ್ತು ದಾಟಿದ ಮೇಲೂ ಅವರ ತಲೆ ಕಾಡಿಗೆಯಂತೆ ಕಪ್ಪು. ಚುನಾವಣೆ ಗೆದ್ದದ್ದೇ ಆ ಕೂದಲಿನಿಂದ ಎಂದು ಸೋತವರು ಹೇಳುತ್ತಿದ್ದರು.

ಮುಖಂಡರ ಹೆಂಡತಿ ಬೀಹುವಾ ಕೌಂಟರಿಗೆ ಬಂದು ಎಲ್ಲರಿಗೂ ಕೇಳುವಂತೆ ಗಂಡನ ಹೆಸರು ಹೇಳಿದಳು. ಜಿಯೆನ್ ಅಮ್ಮ ಟೈಪ್ ಮಾಡಿದಳು. ಜನರೆಲ್ಲ ಕತ್ತು ಉದ್ದ ಮಾಡಿ ಡ್ರ್ಯಾಗನ್ ಗೋಡೆಯ ಮೇಲಿನ ಸಾಲಿಗೆ ಕಣ್ಣು ನೆಟ್ಟರು. ಅಲ್ಲಿ ಏನೂ ಆಗಲಿಲ್ಲ. ಬೆನ್ನ ಹಿಂದಿನಿಂದ ಟಣ್ ಎಂದಿತು.

ಎಲ್ಲರೂ ತಿರುಗಿದರು. ಹುಲಿ ಗೋಡೆಯ ಮೇಲಿನ ಸಾಲಿನಲ್ಲಿ ಒಂದು ದೀಪ ಬಲು ಉತ್ಸಾಹದಿಂದ ಮಿಣುಕುತ್ತಿತ್ತು. ಬೀಹುವಾ ಹತ್ತಿರ ಹೋಗಿ ಹೆಸರು ಓದಿದಳು.

"ಲಾನ್ ಯುಚೆನ್."

ಮೂಲೆಯ ಕೇಶಾಲಯದ ಒಡತಿ. ಒಬ್ಬಂಟಿ ಹೆಂಗಸು, ನೋಡಲು ಚೆನ್ನಾಗಿದ್ದಳು, ಅದು ಸಾಲದೆಂಬಂತೆ ಅವಳ ಅಂಗಡಿಗೆ ಒಂದು ಹಿಂಬಾಗಿಲೂ ಇತ್ತು.

"ಮತ್ತೊಮ್ಮೆ ಹಾಕಿ," ಎಂದಳು ಬೀಹುವಾ. ಧ್ವನಿ ತಣ್ಣಗಿತ್ತು.

ಟಣ್. ಲಾನ್ ಯುಚೆನ್.

ಮುಖಂಡರು ಗಂಟಲು ಸರಿಮಾಡಿಕೊಂಡರು. "ಯಂತ್ರ ಹೊಸದು..."

"ಯಂತ್ರ ಹೊಸದು. ದೇವಿ ಹಳಬಳು," ಎಂದು ಬೀಹುವಾ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು ಹೊರಟೇಹೋದಳು. ಆ ಮಧ್ಯಾಹ್ನವೇ ಅವಳು ತವರು ಸೇರಿದಳೆಂದೂ, ಅಕ್ಕಿ ಬೇಯಿಸುವ ಕುಕ್ಕರನ್ನೂ ಜೊತೆಗೆ ಒಯ್ದಳೆಂದೂ ಸುದ್ದಿಯಾಯಿತು.

ಆಗಿದ್ದೇನು ಎಂದು ಷುನ್‌ಫಾನಿಗೆ ಆ ಕ್ಷಣವೇ ಹೊಳೆದಿತ್ತು. ದಿನಾ ಬೆಳಗ್ಗೆ ಕಂಪ್ಯೂಟರು ಎದ್ದಾಗ ಆಪರೇಟಿಂಗ್ ಸಿಸ್ಟಂ ಹೊತ್ತು ಉಳಿಸಲು ಇಬ್ಬರು ಕಂಟ್ರೋಲರುಗಳನ್ನೂ ಒಟ್ಟಿಗೇ ಎಬ್ಬಿಸುತ್ತದೆ. ಯಾರು ಮೊದಲು ಕೈ ಎತ್ತುತ್ತಾನೋ ಅವನಿಗೆ ಸೊನ್ನೆ, ಆಮೇಲಿನವನಿಗೆ ಒಂದು. ಆಫೀಸಿನಲ್ಲಿ ಡ್ರ್ಯಾಗನ್ನಿನವನು ಸದಾ ಮೊದಲು ಏಳುತ್ತಿದ್ದ. ಗುಡಿಯಲ್ಲಿ ಅವನ ಬೆನ್ನಿಗೆ ಉದ್ದನೆಯ ತಂತಿ, ಗೋಡೆ ತುಂಬ ದೀಪ. ಒಂದು ದಿನ ಅವನು ಮೊದಲು, ಇನ್ನೊಂದು ದಿನ ಹುಲಿಯವನು ಮೊದಲು. ಎರಡು ಗೋಡೆಗಳಲ್ಲೂ ದೀಪಗಳ ಕ್ರಮಸಂಖ್ಯೆ ಒಂದೇ ಥರ. ಹಾಗಾಗಿ ಹುಲಿಯವನು ಸೊನ್ನೆಯಾದ ದಿನ ಡ್ರ್ಯಾಗನ್ ಗೋಡೆಯ ಅಪ್ಪಣೆಯೆಲ್ಲ ಹುಲಿ ಗೋಡೆಗೆ, ಹುಲಿಯದೆಲ್ಲ ಡ್ರ್ಯಾಗನ್ನಿಗೆ.

ಇದನ್ನು ಅವನು ಅಲ್ಲಿಯೇ ಹೇಳಿಬಿಡಬಹುದಿತ್ತು. ಬಾಯಿಯನ್ನೂ ತೆರೆದ. ಆಗ ಮುಂದಿನ ಸಾಲಿನಲ್ಲಿ ನಿಂತಿದ್ದ ಬೋವೆನ್ ಕಣ್ಣಿಗೆ ಬಿದ್ದ. ಯಾರು ಯಾವ ಗೋಡೆಯೋನು ಅಂತ ಹೇಗೆ ಗೊತ್ತಾಗುತ್ತೆ ಭಾವ? ಸೀಗಡಿ ಸುಲಿಯುತ್ತ ಬಿಲ್ಲೆ ತೊಳೆಯುವವನು ಕೇಳಿದ್ದು ಸರಿಯಾದ ಪ್ರಶ್ನೆ, ಅದೊಂದೇ ಪ್ರಶ್ನೆ. ಷುನ್‌ಫಾ ಬಾಯಿ ಮುಚ್ಚಿದ. ಬೋವೆನ್ ಗೆಲ್ಲುವುದಕ್ಕಿಂತ ಮಾಜು ದೇವಿ ಹೊಣೆ ಹೊರುವುದು ವಾಸಿ ಎನಿಸಿತು. ದೇವಿಗೆ ಹೇಗೂ ಭುಜ ದೊಡ್ಡದು.

ಅಷ್ಟರಲ್ಲಿ ಕೌಂಟರಿನ ಮುಂದೆ ನೂಕುನುಗ್ಗಲಾಗಿತ್ತು. ಹಂದಿ ಮಾಂಸದ ಅಂಗಡಿಯವನ ಹೆಸರಿಗೆ ಸಸ್ಯಾಹಾರಿ ಹೋಟೆಲಿನವಳ ದೀಪ ಮಿಣುಕಿತು. ಅವನು ಅಲ್ಲೇ ಕುಸಿದು ಕೂತು ಆ ತಿಂಗಳಿಡೀ ತೋಫು ತಿನ್ನುವ ಹರಕೆ ಹೊತ್ತ. ಕಾಗದದ ಅಂಗಡಿಯವಳ ಹೆಸರಿಗೆ ಅವಳ ಸವತಿಯಂತಿದ್ದ ಎದುರಂಗಡಿಯವಳ ದೀಪ. "ನೋಡಿದ್ರಾ, ನನ್ನ ಗಿರಾಕಿಗಳನ್ನ ಯಾರು ಕದಿಯೋದು ಅಂತ!" ಎಂದು ಅವಳು ಕೂಗಿದಳು. ಮರುದಿನ ಡ್ರ್ಯಾಗನ್ನಿನವನು ಮೊದಲು ಎದ್ದಿರಬೇಕು, ಎಲ್ಲರಿಗೂ ಅವರವರದೇ ದೀಪ ಬಂತು. ಅಂದು ಬಂದ ಗಂಡಂದಿರು ಎದೆಯುಬ್ಬಿಸಿಕೊಂಡು ಮನೆಗೆ ಹೋದರು. ಅದರ ಮರುದಿನ ಮತ್ತೆ ಅದಲು ಬದಲು. ಒಂದೇ ಥರ ತಪ್ಪುತ್ತಿದ್ದರೆ ಯಂತ್ರ ಕೆಟ್ಟಿದೆ ಎನ್ನುತ್ತಿದ್ದರು ಜನ. ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದ್ದುದರಿಂದ ದೇವಿ ಮಾತಾಡುತ್ತಿದ್ದಾಳೆ ಎಂದರು. ಪಕ್ಕದ ವಾರ್ಡಿನಿಂದಲೂ ಹೆಂಗಸರು ಗಂಡಂದಿರ ತೋಳು ಹಿಡಿದು ಎಳೆದುಕೊಂಡು ಬಂದರು. ಊದುಬತ್ತಿಯ ಹೊಗೆಗೆ ಪೊಲೀಸರು ಬಂದು ವಿಚಾರಿಸಿ, ಹಾಗೆಯೇ ತಮ್ಮ ಹೆಸರನ್ನೂ ಹಾಕಿಸಿ ಹೋದರು.

"ಗುಡಿ ಹೀಗೆ ತುಂಬಿದ್ದು ನಾನು ಕಂಡೇ ಇಲ್ಲ," ಎಂದಳು ಜಿಯೆನ್ ಅಮ್ಮ ಕಣ್ಣೊರೆಸಿಕೊಳ್ಳುತ್ತ. "ಎಲ್ಲಾ ದೇವಿ ಮಹಿಮೆ."

"ಯಂತ್ರ ನಾನು ಮಾಡಿದ್ದು ಅತ್ತೆ."

"ನೀನು ಮಾಡಿದ್ದು ಪೆಟ್ಟಿಗೆ."

ಹೀಗೆ ಷುನ್‌ಫಾನ ಹೊಟ್ಟೆಕಿಚ್ಚಿನ ಪಟ್ಟಿಗೆ ಮಾಜು ದೇವಿಯೂ ಸೇರಿದಳು.

ಆ ಶನಿವಾರ ಅದಲು ಬದಲಿನ ದಿನ. ಅತ್ತೆ ಇಬ್ಬರು ಹೆಣ್ಣುಮಕ್ಕಳ ಹೆಸರನ್ನೂ ಹಾಕಿದಳು. ಸುಮೇಯಳ ಹೆಸರಿಗೆ ಟಣ್ ಎಂದು ಮಿಣುಕಿದ್ದು ಬೋವೆನ್‌ನ ದೀಪ. ಸುಚಿನ್‌ಳ ಹೆಸರಿಗೆ ಷುನ್‌ಫಾನದು. ಜಿಯೆನ್ ಅಮ್ಮ ಕೆಮ್ಮಿದಳು. ಸುಚಿನ್ ಸೀಲಿಂಗು ನೋಡಿದಳು. ಸುಮೇಯಳ ಮುಖ ಕೆಂಪಾಯಿತು.

ಕಾರಣ ಷುನ್‌ಫಾನಿಗೆ ಗೊತ್ತು. ಇಡೀ ಜೊಂಗ್‌ಹದಲ್ಲಿ ಅವನೊಬ್ಬನಿಗೇ ಗೊತ್ತು. ಬೋವೆನ್ ಮೊದಲು, ತಾನು ಆಮೇಲೆ ಎಂದು ಅತ್ತೆ ಕೂರಿಸಿದ್ದರಿಂದಲೇ ಹೀಗೆ ಅಡ್ಡಡ್ಡ ಬಂದದ್ದು ಎಂದೂ ಗೊತ್ತು. ಆದರೂ ಹೆಂಡತಿ ಕೆಂಪಾಗುವುದೇಕೆ?

ಮರುದಿನ ಬೆಳಗ್ಗೆ ಸೋಯಾ ಹಾಲಿನ ಲೋಟ ಮುಂದಿಟ್ಟುಕೊಂಡು ಸುಮೇಯ್ ತಾನೇ ಬಾಯಿಬಿಟ್ಟಳು.

"ದೇವಿಗೆ ಹೇಗೆ ಗೊತ್ತಾಯ್ತೋ ಏನೋ. ನಿಂಗೆ ಹೇಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡಿದ್ದೆ."

"ಏನ್ ಹೇಳ್ಬೇಕಿತ್ತು?"

"ಬೋವೆನ್‌ನ ಮೊದಲು ತೋರಿಸಿದ್ದು ನಂಗೆ. ಸುಚಿನ್‌ಗಲ್ಲ. ಅಮ್ಮನೇ ಕರೆಸಿದ್ಲು. ಹೋಟ್ಲಲ್ಲಿ ಊಟ ಮಾಡಿದ್ವಿ."

ಷುನ್‌ಫಾನ ಕೈಯಲ್ಲಿದ್ದ ಮೊಟ್ಟೆ ರೊಟ್ಟಿ ತಟ್ಟೆಗೆ ಜಾರಿತು.

"ಇಡೀ ಊಟ ತಲೆ ಎತ್ತದೆ ಸೀಗಡಿ ಸುಲೀತಾ ಕೂತಿದ್ದ. ನಂಗೆ ಬೇಜಾರಾಗಿ ಬೇಡ ಅಂದೆ. ಅಷ್ಟೇ ಕಣೋ. ಆಮೇಲೆ ನೀನು ಬಂದೆ. ಮೊದಲ ದಿನಾನೇ ಸೂಪ್ ಚೆಲ್ಕೊಂಡೆ, ಬಾಯ್ತುಂಬ ಮಾತಾಡಿದೆ..."

ಮುಂದಿನದು ಷುನ್‌ಫಾನ ಕಿವಿಗೆ ಹೋಗಲಿಲ್ಲ. ಸೂಪಿನ ನಂತರ ಅವಳು ಆಡಿದ್ದು ಒಳ್ಳೆಯ ಮಾತುಗಳೇ. ಕೇಳಿದ್ದರೆ ಆ ವಾರದ ಮಾತ್ರೆ ಉಳಿಯುತ್ತಿತ್ತು. ಅವನ ತಲೆಯಲ್ಲಿ ನಿಂತದ್ದು ಒಂದೇ: ಅಲ್ಲಿಯೂ ಬೋವೆನ್ ಮೊದಲು. ಕೋಳಿ ಕಾಲಿನಲ್ಲಿ ಮೊದಲು, ಗೋಡೆಯಲ್ಲಿ ಮೊದಲು, ಹೆಂಡತಿಯ ವಿಷಯದಲ್ಲೂ ಮೊದಲು!

"ಅದು ಯಂತ್ರದ ತಪ್ಪು," ಎಂದ ಕೊನೆಗೆ.

"ಯಂತ್ರದ ತಪ್ಪಾದ್ರೆ ನೀನ್ಯಾಕೆ ಮುಖ ಊದಿಸ್ಕೊಂಡಿದ್ದೀಯ?"

ಷುನ್‌ಫಾ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಬಂದ. ಮೂಲೆಯ ಕೇಶಾಲಯದ ಮುಂದೆ ಹಾದುಹೋಗುವಾಗ ಒಳಗಿನಿಂದ ಯಾರೋ ಕರೆದರು.

"ಲಿಯಾವ್ ಅಣ್ಣ, ಕೂದಲು ಬೆಳೆದಿದೆ. ಬನ್ನಿ."

ಲಾನ್ ಯುಚೆನ್. ಅಂಗಡಿಯ ಕುರ್ಚಿಗಳೆಲ್ಲ ಖಾಲಿ. ಭಾನುವಾರ ಬೆಳಗ್ಗೆ ಕಾಲಿಡಲು ಜಾಗವಿರದಿದ್ದ ಅಂಗಡಿ ಅದು. ಬೇಡವೆನ್ನಲು ಅವನಿಗೆ ನಾಚಿಕೆಯಾಯಿತು. ಅವಳು ಕುತ್ತಿಗೆಗೆ ಬಟ್ಟೆ ಬಿಗಿದು, ಬಲಗಡೆಯಿಂದ ಕತ್ತರಿಸತೊಡಗಿದಳು.

"ಆ ದೀಪದ ಯಂತ್ರ ನೀವು ಮಾಡಿದ್ದಂತೆ?"

"ಹೂಂ."

"ಬೀಹುವಾ ಅಕ್ಕ ಬೀದಿ ತುಂಬ ಹೇಳಿದಾಳೆ. ಒಬ್ಬ ಹೆಂಗಸೂ ಒಳಗೆ ಬರ್ತಿಲ್ಲ. ಗಂಡಸರನ್ನ ಅವರ ಹೆಂಡ್ತೀರು ಬಿಡ್ತಿಲ್ಲ. ಹೀಗೇ ಆದ್ರೆ ಅಂಗಡಿ ಮುಚ್ಬೇಕು." ಕತ್ತರಿ ಕಿವಿಯ ಹತ್ತಿರ ಬಂದು ನಿಂತಿತು. "ನನ್ನ ಪಾಲಿಗೆ ಆ ಮುಖಂಡರು ಬರೀ ಗಿರಾಕಿ. ಯಾಕೆ ಬರ್ತಾರೆ ಅಂತ ನಾನು ಹೇಳೋ ಹಾಗಿಲ್ಲ, ಗಿರಾಕಿ ಗುಟ್ಟು. ನೀವೇ ಹೇಳಿ. ದೇವಿ ನಿಜವಾಗ್ಲೂ ನನ್ನ ಹೆಸರು ಹೇಳಿದ್ಲಾ?"

ಕನ್ನಡಿಯಲ್ಲಿ ಅವಳ ಕಣ್ಣು ತೇವವಾಗಿತ್ತು. ಕತ್ತರಿ ಮಾತ್ರ ಅಲುಗಾಡಲಿಲ್ಲ. ಷುನ್‌ಫಾ ಎಲ್ಲವನ್ನೂ ಹೇಳಿಬಿಟ್ಟ: ಸೊನ್ನೆ, ಒಂದು, ಮೊದಲು ಕೈ ಎತ್ತಿದವನು, ಬೋವೆನ್ ಕೇಳಿದ ಪ್ರಶ್ನೆ, ಎಲ್ಲ.

ಲಾನ್ ಕತ್ತರಿ ಕೆಳಗಿಟ್ಟಳು. ಬಟ್ಟೆ ಬಿಚ್ಚಿ ಕೊಡವಿದಳು.

"ಆಯ್ತಾ? ಇನ್ನೂ ಎಡಗಡೆ..."

"ಗುಡೀಲಿ ಎಲ್ಲರ ಮುಂದೆ ಹೇಳಿ ಬನ್ನಿ. ಎಡಗಡೆ ಆಮೇಲೆ."

ಹೀಗಾಗಿ ದೇವಿಯ ಹುಟ್ಟುಹಬ್ಬದ ದಿನ, ಡೊಳ್ಳು ಜಾಗಟೆಗಳ ನಡುವೆ, ಬಲಗಡೆ ಸೈನಿಕನಂತೆಯೂ ಎಡಗಡೆ ಭಿಕ್ಷುಕನಂತೆಯೂ ಕಾಣುತ್ತ ಷುನ್‌ಫಾ ಕೌಂಟರಿನ ಮುಂದೆ ನಿಂತ. ಟೋಪಿ ತಂದಿದ್ದ, ಗುಡಿಯೊಳಗೆ ಟೋಪಿ ಬೇಡವೆಂದು ಅತ್ತೆಯೇ ಕಿತ್ತುಕೊಂಡಿದ್ದಳು. ಬೋವೆನ್, ಸುಚಿನ್, ಸುಮೇಯ್ ಇದ್ದರು, ಲಾನ್ ಇದ್ದಳು. ಬೀಹುವಾ ತವರಿನಿಂದ ಬಂದಿದ್ದಳು. ಮುಖಂಡ ಕೋ ಒಂದು ಕಂಬದ ಮರೆಯಲ್ಲಿದ್ದರು.

"ಎಲ್ಲರೂ ಕೇಳಿ," ಎಂದ ಷುನ್‌ಫಾ. "ಇದು ದೇವಿ ಅಲ್ಲ. ನನ್ನ ತಪ್ಪು. ಹೋಟ್ಲಲ್ಲಿ ಇಬ್ಬರು ಮಾಣಿಗಳು ಇದ್ದಾರೆ ಅಂದ್ಕೊಳ್ಳಿ. ಒಬ್ಬ ಎಡಗಡೆ ಮೇಜಿಗೆ, ಇನ್ನೊಬ್ಬ ಬಲಗಡೆ ಮೇಜಿಗೆ. ಯಜಮಾನ ದಿನಾ ಬೆಳಗ್ಗೆ ಯಾರು ಮೊದಲು ಬರ್ತಾನೋ ಅವನಿಗೆ ಸೊನ್ನೆ ಅಂತ ಬರೆದ ಬಿಲ್ಲೆ ಕೊಡ್ತಾನೆ. ನಾನು ಮುಖ ನೋಡ್ದೆ, ಬಿಲ್ಲೆ ನೋಡಿ 'ಎಡಗಡೆಗೆ ಎರಡು ನೂಡಲ್ಸ್' ಅಂದೆ. ಬಲಗಡೆಯೋನು ಬೇಗ ಬಂದಿದ್ರೆ ನೂಡಲ್ಸ್ ಬಲಗಡೆಗೆ ಹೋಗುತ್ತೆ!"

"ಯಾವ ಹೋಟ್ಲು?" ಎಂದಿತು ಹಿಂದಿನಿಂದ ಒಂದು ಧ್ವನಿ.

"ಮಾಣಿನ ಬೇಗ ಬರೋ ಹಾಗೆ ಮಾಡಿದ್ದು ಯಾರು?" ಎಂದು ಜಿಯೆನ್ ಅಮ್ಮ ಗಂಭೀರವಾಗಿ ಕೇಳಿದಳು. "ದೇವಿನೇ ಅಲ್ವಾ?"

ಜನ ಹೌದೆಂದು ತಲೆ ಆಡಿಸಿದರು. ಷುನ್‌ಫಾ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ, ಮುಖಂಡರ ಹೆಸರು ಹಾಕಿದ. ಡ್ರ್ಯಾಗನ್ ಗೋಡೆಯಲ್ಲಿ ಅವರದೇ ದೀಪ. "ನೋಡಿ!" ಮತ್ತೆ ಆರಿಸಿ ಹಚ್ಚಿದ. ಹುಲಿ ಗೋಡೆಯಲ್ಲಿ ಲಾನ್. "ನೋಡಿ! ನೋಡಿದ್ರಾ?"

"ನೋಡ್ದೆ," ಎಂದಳು ಬೀಹುವಾ ಹಲ್ಲು ಕಚ್ಚಿ. "ಒಂದು ಸಲ ಮನೆ, ಒಂದು ಸಲ ಅವಳು. ನಾನು ಹೇಳಿದ್ದೂ ಅದನ್ನೇ!"

ಷುನ್‌ಫಾ ತಲೆಯ ಎರಡು ಬಗೆಯ ಕೂದಲನ್ನೂ ಹಿಡಿದುಕೊಂಡ. ಬೀಹುವಾ ಕೌಂಟರಿನತ್ತ ತಿರುಗಿದಳು. "ಜಿಯೆನ್ ಅಮ್ಮ, ಎಲ್ಲರದ್ದೂ ಆಯ್ತು. ನಿಮ್ಮ ಹೆಸರು ಹಾಕಿದ್ದೇ ಇಲ್ವಲ್ಲ?"

"ನಂದೇನಮ್ಮ ಇರುತ್ತೆ, ಮುದುಕಿದು," ಎನ್ನುತ್ತ ಜಿಯೆನ್ ಅಮ್ಮ ಎಲ್ಲರಿಗೂ ಕಾಣುವಂತೆ ಒಂದೊಂದೇ ಅಕ್ಷರ ಒತ್ತಿದಳು.

ಟಣ್. ಹುಲಿ ಗೋಡೆ. ಬೀಹುವಾ ಓದಿದಳು: "ಗೂ ತಿಯೆನ್‌ಲಾಯ್."

ಮೀನಿನುಂಡೆ ಸೂಪಿನ ಗಾಡಿಯ ಮುದುಕ. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಅವನ ಸೂಪು ಇಷ್ಟವೆಂದು ಜಿಯೆನ್ ಅಮ್ಮ ಮಳೆಯಲ್ಲೂ ಕೊಡೆ ಹಿಡಿದು ಹೋಗುವುದನ್ನು ನೋಡದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಡೊಳ್ಳಿನವರು ಬಡಿಯುವುದನ್ನು ನಿಲ್ಲಿಸಿದರು.

ಜಿಯೆನ್ ಅಮ್ಮ ಎದ್ದುನಿಂತಳು.

"ಯಂತ್ರ ಕೆಟ್ಟಿದೆ!" ಎಂದು ಘೋಷಿಸಿದಳು. "ನನ್ನ ಅಳಿಯ ಅಷ್ಟು ಹೊತ್ತಿಂದ ಬಡ್ಕೋತಿದಾನೆ, ಒಬ್ಬರಿಗೂ ಕಿವಿ ಇಲ್ವಾ? ಇಬ್ಬರು ಕಂಟ್ರೋಲರು! ಮೊದಲು ಎದ್ದೋನಿಗೆ ಸೊನ್ನೆ! ಇಷ್ಟು ಸಣ್ಣ ವಿಷಯ ಅರ್ಥ ಆಗಲ್ವಾ ನಿಮ್ಗೆ?"

ಆಮೇಲೆ ಅವಳು ಇಡೀ ಸಂಗತಿಯನ್ನು ಷುನ್‌ಫಾನಿಗಿಂತ ಚೆನ್ನಾಗಿ, ಮಾಣಿಗಳ ಹೆಸರು ಸಮೇತ, ಮತ್ತೊಮ್ಮೆ ವಿವರಿಸಿದಳು. ಈ ಸಲ ಎಲ್ಲರಿಗೂ ಅರ್ಥವಾಯಿತು.

ಬೀಹುವಾ ಮಾತ್ರ ಸೋಲಲಿಲ್ಲ. "ಸರಿ, ದೀಪ ಸುಳ್ಳು. ಹಾಗಾದ್ರೆ ಇವರು ವಾರ ವಾರ ಆ ಹಿಂಬಾಗಿಲಲ್ಲಿ ಯಾಕೆ ಹೋಗ್ತಾರೆ?"

ಕಂಬದ ಮರೆಯಿಂದ ಮುಖಂಡರು ಹೊರಬಂದರು. ಲಾನ್ ಕಡೆ ಒಮ್ಮೆ ನೋಡಿದರು. ಅವಳು ತುಟಿ ಬಿಗಿದು ನಿಂತಿದ್ದಳು. ಅಂಗಡಿ ಮುಚ್ಚಿದರೂ ಗಿರಾಕಿಯ ಗುಟ್ಟು ಬಿಡುವಂತಿರಲಿಲ್ಲ. ಅದನ್ನು ಕಂಡು ಆ ಮನುಷ್ಯನಿಗೂ ಎಲ್ಲಿಂದಲೋ ಒಂದಿಷ್ಟು ಧೈರ್ಯ ಬಂತು.

"ಬಣ್ಣ ಹಚ್ಚಿಸೋಕೆ! ಕೂದಲಿಗೆ ಬಣ್ಣ! ಇದೆಲ್ಲ ಬಣ್ಣ!" ಎಂದು ಕೂಗಿ ತಲೆ ಬಗ್ಗಿಸಿ ತೋರಿಸಿದರು. ವಾರದಿಂದ ಹಿಂಬಾಗಿಲು ತಪ್ಪಿದ್ದರಿಂದ ಬುಡದಲ್ಲಿ ಬೆಳ್ಳನೆ ಗೆರೆ ಮೂಡಿತ್ತು.

ಆಮೇಲೆ ಶುರುವಾದದ್ದು ಮೊದಲಿನದಕ್ಕಿಂತ ಭೀಕರವಾಗಿತ್ತು. "ಬಣ್ಣನಾ? ನನ್ನ ಹತ್ರ 'ನಮ್ಮ ವಂಶದಲ್ಲೇ ಹಂಗೆ' ಅಂದ್ರಲ್ಲ! ಎಷ್ಟು ವರ್ಷ ನಿಮ್ಮ ಕೂದಲು ನೋಡಿ ಹೊಟ್ಟೆ ಉರಿದು ಸತ್ತಿದೀನಿ! ನಾನು ಬಚ್ಚಲಲ್ಲಿ ಕೂತು ಅಗ್ಗದ ಡಬ್ಬಿ ಹಚ್ಕೊಳ್ಳೋದು, ನೀವು ಅಲ್ಲಿ ಕುರ್ಚೀಲಿ ಕೂತು ಮಾಡಿಸ್ಕೊಳ್ಳೋದಾ?" ಗಂಡನ ತೋಳು ಹಿಡಿದು ನೇರ ಲಾನ್ ಮುಂದೆ ನಿಲ್ಲಿಸಿ, "ಅದೇ ಬಣ್ಣ ನಂಗೂ ಹಚ್ಚು. ಈಗಲೇ," ಎಂದಳು. ಅವಳ ಹಿಂದೆ ಬೀದಿಯ ಅರ್ಧ ಹೆಂಗಸರು ಹೊರಟರು. ಆ ಸಂಜೆ ಕೇಶಾಲಯದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಷುನ್‌ಫಾನ ಎಡಗಡೆಗೆ ಸರದಿ ಬರಲು ತುಂಬ ಹೊತ್ತಾಯಿತು.

ಅದಕ್ಕೆ ಮೊದಲು ಅವನು ಗುಡಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಬೋವೆನ್ ಬಂದು ಪಕ್ಕದಲ್ಲಿ ಕೂತ. ಬಂತು ನೋಡು, ಈಗ 'ಅವತ್ತೇ ಕೇಳಿದ್ದೆ' ಅಂತಾನೆ, ಎಂದು ಷುನ್‌ಫಾ ಹಲ್ಲು ಕಚ್ಚಿಕೊಂಡ.

"ಭಾವ, ಇದು ಎಷ್ಟು ಸೂಕ್ಷ್ಮ ವಿಷಯ! ಎರಡು ಕಂಟ್ರೋಲರ್ ಇದ್ರೆ ಹೀಗಾಗುತ್ತೆ ಅಂತ ನಂಗಂತೂ ಹೊಳೀತಾನೇ ಇರ್ಲಿಲ್ಲ."

ಷುನ್‌ಫಾ ಅವನ ಮುಖವನ್ನು ಹತ್ತಿರದಿಂದ ನೋಡಿದ. ವ್ಯಂಗ್ಯದ ಸುಳಿವಿರಲಿಲ್ಲ. ಉದ್ಘಾಟನೆಯ ದಿನದಿಂದ ಇವನು ಎದೆಯ ಮೇಲೆ ಹೊತ್ತು ತಿರುಗಿದ್ದ ಆ ಪ್ರಶ್ನೆಯನ್ನು ಕೇಳಿದವನು ಮರೆತೇಬಿಟ್ಟಿದ್ದ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದ ಬೋವೆನ್. "ಅವತ್ತು ಸುಚಿನ್ ಹೆಸರಿಗೆ ನಿಮ್ಮ ದೀಪ ಬಂತಲ್ಲ. ಅವತ್ತಿಂದ ನಾನು ಸರಿಯಾಗಿ ಊಟ ಮಾಡಿಲ್ಲ. ನೀವು ಎಲ್ಲಾ ಕಡೆ ಮಾತಾಡ್ತೀರಿ, ನಗಿಸ್ತೀರಿ. ನಾನು ತಲೆ ಎತ್ತೋದೇ ಕಷ್ಟ. ಎದೆಯೆಲ್ಲ ಒಂಥರಾ ಉರೀತಿತ್ತು."

ಷುನ್‌ಫಾನಿಗೆ ಇದಕ್ಕಿಂತ ಮಧುರವಾದ ಮಾತನ್ನು ಈವರೆಗೆ ಯಾರೂ ಆಡಿರಲಿಲ್ಲ. ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಷಡ್ಡಕನ ಕೈಗಿಟ್ಟ. "ಊಟಕ್ಕೆ ಮುಂಚೆ ಒಂದು ತಗೋ. ನಂಗಿನ್ನು ಬೇಕಾಗಲ್ಲ."

ಮರುದಿನವೇ ಅವನು ಯಂತ್ರವನ್ನು ಸರಿಪಡಿಸಿದ. ಕಂಟ್ರೋಲರು ಯಾವ ಸಾಕೆಟ್ಟಿನಲ್ಲಿ ಕೂತಿದೆ ಎಂಬುದೂ ಆಪರೇಟಿಂಗ್ ಸಿಸ್ಟಂಗೆ ಗೊತ್ತಿರುತ್ತದೆ. ಅದು ಎಂದಿಗೂ ಬದಲಾಗುವುದಿಲ್ಲ. ಇನ್ನು ಮೇಲೆ ನಂಬರು ನೋಡಬೇಡ, ಕೂತ ಜಾಗ ನೋಡು ಎಂದು ಎರಡು ಸಾಲು ಬರೆದ. ಎಷ್ಟು ಸಲ ಆರಿಸಿ ಹಚ್ಚಿದರೂ ಡ್ರ್ಯಾಗನ್ ಡ್ರ್ಯಾಗನ್ನೇ, ಹುಲಿ ಹುಲಿಯೇ. ಗುಡಿಯಲ್ಲಿ ಜನ ಕರಗಿದರು. ಊದುಬತ್ತಿಯ ಹೊಗೆ ಎಂದಿನಷ್ಟಕ್ಕೆ ಬಂತು. ಜಿಯೆನ್ ಅಮ್ಮ ಕೌಂಟರಿನಲ್ಲಿ ಒಬ್ಬಳೇ ಕೂತು ಹೆಸರುಪಟ್ಟಿಗಳನ್ನು ಒರೆಸುತ್ತಿದ್ದಳು.

ಷುನ್‌ಫಾ ತನ್ನ ಸಲಕರಣೆಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಒಬ್ಬರು ಕಾಣಿಸಿಕೊಂಡರು. ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ತಲೆ, ಕೈಯಲ್ಲಿ ಮುಚ್ಚಳದ ಬಟ್ಟಲಿನಲ್ಲಿ ಬಿಸಿ ಸೂಪು. ಗೂ ತಿಯೆನ್‌ಲಾಯ್. ಆತ ಗುಡಿಯ ಹೊಸ್ತಿಲು ದಾಟಿದ್ದು ಹೆಂಡತಿ ಸತ್ತ ಮೇಲೆ ಇದೇ ಮೊದಲು.

"ಜನ ಏನೇನೋ ಹೇಳಿದ್ರು," ಎಂದ ಮುದುಕ ನೆಲ ನೋಡುತ್ತ. "ಸುಮ್ನೆ ಒಂದ್ಸಲ... ನಿಮ್ಮ ಹೆಸರು ಹಾಕಿ ನೋಡ್ತೀರಾ?"

ಜಿಯೆನ್ ಅಮ್ಮ ಒಂದೊಂದೇ ಅಕ್ಷರ ಒತ್ತಿದಳು. ಮುದುಕ ಹುಲಿ ಗೋಡೆಯ ಮುಂದೆ, ತನ್ನ ದೀಪದ ಕೆಳಗೆ, ಕೈಕಟ್ಟಿ ನಿಂತ.

ಟಣ್. ಡ್ರ್ಯಾಗನ್ ಗೋಡೆಯಲ್ಲಿ ಜಿಯೆನ್ ಅಮ್ಮನ ದೀಪ ಚೊಕ್ಕವಾಗಿ, ಒಂದಿನಿತೂ ತಪ್ಪದೆ ಮಿಣುಕಿತು.

"ಓ," ಎಂದ ಮುದುಕ. "ಸರಿ ಹೋಗಿದೆ." ಸೂಪಿನ ಬಟ್ಟಲನ್ನು ಕೌಂಟರಿನ ಮೇಲಿಟ್ಟು ಮೆಲ್ಲಗೆ ಬಾಗಿಲ ಕಡೆ ತಿರುಗಿದ.

ಜಿಯೆನ್ ಅಮ್ಮನ ಕಿವಿಯ ತುದಿಯವರೆಗೂ ಕೆಂಪೇರಿತ್ತು. ಅವಳು ಮುದುಕನ ಬೆನ್ನನ್ನು ನೋಡಿದಳು, ದೀಪವನ್ನು ನೋಡಿದಳು, ಕೊನೆಗೆ ಅಳಿಯನ ಮೇಲೆ ಉರಿದುಬಿದ್ದಳು:

"ಇಷ್ಟು ಅವಸರವಾಗಿ ರಿಪೇರಿ ಮಾಡು ಅಂತ ನಿಂಗೆ ಯಾರೋ ಹೇಳಿದ್ದು?"